ಕರಾವಳಿಯ ಬರಗಾಲವೂ ಮಳೆಯ ಲೆಕ್ಕವೂ

ಕರಾವಳಿಯಲ್ಲಿ ಬರಗಾಲವೆಂಬ ಮಾತನ್ನೆತ್ತಿದರೆ ಘಟ್ಟದ ಮೇಲಣ ಜನರು ನಗುವುದು ಸಹಜವೇ ಸರಿ. ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಶೇಕಡಾ ೨೦ರಷ್ಟು ಕಡಮೆಯಾದರೂ ಉಳಿಯುವ ೨,೮೦೦ ಮಿಲಿಮೀಟರು ಚಿತ್ರದುರ್ಗ, ಬಳ್ಳಾರಿಗಳ ನಾಲ್ಕು ವರ್ಷಗಳ ಮಳೆಗಿಂತ ಕಡಮೆಯಾಗದು. ಆದರೆ ಪೈರು ವರ್ಷದ ಮೊತ್ತವನ್ನು ನೋಡಿ ಬೆಳೆಯತಕ್ಕ ವಸ್ತುವಲ್ಲ.

ಇಲ್ಲಿಯ ಮಳೆಯಲ್ಲಿ ಶೇಕಡಾ ೮೦ಕ್ಕೂ ಹೆಚ್ಚಿನ ಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗೆ ಸುರಿದು, ಮುರಕಲ್ಲಿನ ನೆಲದಲ್ಲಿ ಬಹುಕಾಲ ನಿಲ್ಲದೆ, ಓಟ ಹೆಚ್ಚಾದ ಹೊಳೆಗಳ ಮೂಲಕ ಸಮುದ್ರವನ್ನು ಸೇರುತ್ತದೆ. ಜುಲೈ ತಿಂಗಳ ಸುಮಾರು ೧,೦೦೦ ಮಿಲಿಮೀಟರಿನಲ್ಲಿ ೨೫೦ ತಗ್ಗಿದರೆ ಬೈಲುಗದ್ದೆಯ ಯಜಮಾನನಿಗೆ ಅದು ಗೊತ್ತಾಗುವುದೂ ಇಲ್ಲ. ಅಕ್ಟೋಬರದ ಸುಮಾರು ೨೦೦ ಮಿಲಿಮೀಟರಿನಲ್ಲಿ ೧೫೦ ತಪ್ಪಿತೆಂದರೆ ಮಜಲುಗದ್ದೆಯ ಸುಗ್ಗಿ ಬೆಳೆಗೆ ನೀರು ಸಾಲದು. ಬೇಸಗೆಯಲ್ಲಿ ಅಡಕೆತೋಟದ ಕೆರೆಯು ಬೇಗನೆ ತಳ ಕಾಣುವುದು. ವರ್ಷದ ಮೊತ್ತದಲ್ಲಾದರೋ ಮೊದಲನೆಯದೇ ದೊಡ್ಡ ಕೊರತೆಯಾಗಿ ತೋರುತ್ತದೆ!

ಬೆಟ್ಟುಗದ್ದೆಯ ಅವಸ್ಥೆ ಇನ್ನೂ ಕಠಿನವಾದುದು. ಮೂರು ದಿವಸ ಭೋರ್ಗರೆದ ಮಳೆಯಿಂದ ತಿಂಗಳ ಲೆಕ್ಕ ತುಂಬಿದರೂ, ಅನಂತರ ಹದಿನೈದು ದಿವಸ ಬಿಸಿಲು ಹೊಡೆದರೆ ಏಣೆಲು ಪೈರು ಒಣಗುವುದು. ಅದು ಕಾರಣ ಮೊತ್ತದೊಡನೆ ಮಳೆಯ ದಿವಸಗಳನ್ನೂ, ಎಂದರೆ ೨.೫ ಮಿಲಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದ ದಿವಸಗಳನ್ನೂ, ಎಣಿಸತಕ್ಕುದು.

೧೯೯೩ರಲ್ಲಿ ಅಮೇರಿಕಾದ ಕೊಲೊರಾಡೋ ಪ್ರಾಂತದ ಮೆಕ್ಕೀ ಮೊದಲಾದ ವಿದ್ವಾಂಸರು ಒಂದು ಮಾನವನ್ನು ಪ್ರಕಟಿಸಿದರು. ಒಂದು, ಮೂರು ಅಥವಾ ಆರು ತಿಂಗಳ ಮಳೆಯನ್ನು ಅದೇ ಸ್ಥಳದ, ಅದೇ ಅವಧಿಯ, ಕನಿಷ್ಠಪಕ್ಷ ೩೦ ವರ್ಷಗಳ ದಾಖಲೆಯೊಡನೆ ಹೋಲಿಸಿ, ಅಂತಹ ಕೊರತೆಯು ಎಷ್ಟು ಅಪರೂಪವೆಂಬುದನ್ನು ಇದು ಅಂಕೆಯಲ್ಲಿ ತಿಳಿಸುತ್ತದೆ. ಸೊನ್ನೆಯು ಸಾಮಾನ್ಯ ಸ್ಥಿತಿ. ಋಣ ೧ಕ್ಕೆ ಇಳಿದರೆ ಬರಗಾಲ. ಋಣ ೨ಕ್ಕೆ ಇಳಿದರೆ ಅತಿ ಭೀಕರ. ಒಂದು ತಿಂಗಳ ಅಂಕೆಯು ಗದ್ದೆಗೂ, ಆರು ತಿಂಗಳ ಅಂಕೆಯು ಬಾವಿಗೂ ಹೊಂದುತ್ತದೆ. ಬರಿಯ ಶೇಕಡಾವಾರು ಲೆಕ್ಕಕ್ಕಿಂತ ಇದು ಕರಾವಳಿಗೆ ಎಷ್ಟೋ ನ್ಯಾಯವಾದುದು. ನೆಲದ ಗುಣವನ್ನು ಮಾತ್ರ ಇದೂ ಅರಿಯದು.

ತಾಲೂಕನ್ನೇ ಒಂದು ಘಟಕವಾಗಿಟ್ಟುಕೊಂಡು ಬರಪೀಡಿತವೆಂದು ಸಾರುವ ಪದ್ಧತಿಯಿರುವಲ್ಲಿ ಘಟ್ಟದ ಬುಡದ ಮಳೆಯು ಕಡಲಂಚಿನ ಕೊರತೆಯನ್ನು ಮುಚ್ಚಿಬಿಡುವ ಸಂಭವವುಂಟು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಬೀಳುವುದನ್ನು ನೆನೆದರೆ ಸ್ಥಳಭೇದದ ಪ್ರಮಾಣವು ತಿಳಿಯುವುದು. ಪಂಚಾಯತಿಗಳಲ್ಲಿ ಈಚೆಗೆ ನಿಂತಿರುವ ಸ್ವಯಂಚಾಲಿತ ಮಳೆಮಾಪಕಗಳು ಉಪಯುಕ್ತವೇ ಆದರೂ ಅವುಗಳಿಗೆ ೩೦ ವರ್ಷಗಳ ದಾಖಲೆ ಇನ್ನೂ ಕೂಡಿಬಂದಿಲ್ಲ. ಆದುದರಿಂದ ಹಳೆಯ ಮನೆತನಗಳಲ್ಲಿಯೂ ತೋಟಗಳಲ್ಲಿಯೂ ಇರುವ ಮಳೆಯ ಪುಸ್ತಕಗಳನ್ನು ಗ್ರಾಮದ ಮುಖಂಡರು ಹುಡುಕಿ ಕಾಪಾಡತಕ್ಕುದು. ಹೊಸದಾಗಿ ಮಾಪಕವನ್ನಿಡುವ ಭೂಮಾಲಿಕರು ಅದನ್ನು ತೆಂಗಿನ ಮರದಡಿಯಲ್ಲಿಡಬಾರದು. ಮರದ ಎತ್ತರದ ಎರಡರಷ್ಟು ದೂರವಿರಬೇಕು. ಪ್ರತಿದಿನ ಬೆಳಗ್ಗೆ ೮-೩೦ ಗಂಟೆಗೆ ಅಳೆದು, ಮಳೆಯಿಲ್ಲದ ದಿವಸ ಸೊನ್ನೆಯನ್ನು ಬರೆಯಬೇಕು. ಬರಿದಾಗಿ ಬಿಟ್ಟ ಜಾಗವು ಮಳೆ ಬರಲಿಲ್ಲವೆಂದೋ ಅಳೆಯಲಿಲ್ಲವೆಂದೋ ಮುಂದೆ ಯಾರಿಗೂ ತಿಳಿಯದು.