ಹಳೆಯ ಗಣಕಯಂತ್ರಕ್ಕೆ ಹೊಸ ಉಗ್ರಾಣ

ಮನೆಯ ಒಂದು ವಸ್ತು ನಿಧಾನವಾಯಿತೆಂದರೆ ಅದನ್ನು ಹೊರಗೆ ಹಾಕಿ ಹೊಸದನ್ನು ತರಬೇಕೆಂಬ ಆತುರ ಈಗ ಎಲ್ಲೆಲ್ಲಿಯೂ ಕಾಣುತ್ತದೆ. ಗಾಡಿಯ ಅಚ್ಚು ಸವೆದರೆ ನಮ್ಮ ಹಿರಿಯರು ಅಚ್ಚನ್ನು ಬದಲಿಸುತ್ತಿದ್ದರೇ ಹೊರತು ಗಾಡಿಯನ್ನು ಒಲೆಗೆ ಇಡುತ್ತಿರಲಿಲ್ಲ. ಸವೆದ ಭಾಗ ಯಾವುದೆಂದು ಗುರುತಿಸುವುದೇ ಗೃಹಸ್ಥರ ವಿವೇಕ. ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ.

ತುಂಗಭದ್ರೆಯ ಹಿನ್ನೀರಿನ ದಡದ ಹಂಪಸಾಗರದ ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ಗಣಕಯಂತ್ರವೊಂದಿದೆ. ಗುಂಡಿ ಒತ್ತಿ ಚಹಾ ಕಾಸಿ ಕುಡಿದು ಬಂದರೂ ಅದು ಸಿದ್ಧವಾಗುತ್ತಿರಲಿಲ್ಲ. ಪದವಿ ಓದುವ ಮಗಳು ಪ್ರತಿದಿನ ಸಂಕಟಪಡುತ್ತಿದ್ದಳು. ಹೊಸದನ್ನು ಕೊಳ್ಳುವ ಅನುಕೂಲ ಆ ವರ್ಷ ನಮಗಿರಲಿಲ್ಲ. ತಿಳಿದವರೊಬ್ಬರು ಯಂತ್ರವನ್ನು ಪರೀಕ್ಷಿಸಿ, “ಇದರ ಉಗ್ರಾಣ ಮಾತ್ರ ಹಳತಾಗಿದೆ, ಉಳಿದುದೆಲ್ಲ ಗಟ್ಟಿಯಾಗಿದೆ” ಎಂದರು.

ದಾಸೋಹದ ಅಡುಗೆಮನೆಯನ್ನು ನೆನೆಯಿರಿ. ಅಡುಗೆಯವರು ಎಷ್ಟೇ ನಿಪುಣರಿರಲಿ, ಉಗ್ರಾಣದಿಂದ ಬೇಳೆ ಬೆಲ್ಲ ಬರುವುದು ತಡವಾದರೆ ಪಂಕ್ತಿಯೇ ಕಾಯಬೇಕಾಗುತ್ತದೆ. ಗಣಕಯಂತ್ರದಲ್ಲಿ ಅಡುಗೆಯವರ ಕೆಲಸ ಪ್ರೊಸೆಸರಿನದು. ಉಗ್ರಾಣದ ಕೆಲಸ ಹಾರ್ಡ್ ಡಿಸ್ಕಿನದು. ಈ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಒಂದು ಸೂಕ್ಷ್ಮವಾದ ಕೈ ಅವುಗಳ ಮೇಲೆ ಆಚೀಚೆ ಸರಿದು ಬೇಕಾದ ಮಾಹಿತಿಯನ್ನು ಹುಡುಕುತ್ತದೆ. ಈ ವಿಧಾನದ ಮೊದಲ ಯಂತ್ರವನ್ನು ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದಿತು. ಅದರಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ.

ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ರೂಪಿಸಿದ ಫ್ಲ್ಯಾಶ್ ಸ್ಮೃತಿಯ ಚಿಪ್ಪುಗಳೇ ಅದರ ಮೂಲ. ತಿರುಗುವ ಡಿಸ್ಕು ಒಂದು ಮಾಹಿತಿಯನ್ನು ಹುಡುಕಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ತೆಗೆದುಕೊಂಡರೆ, ಎಸ್.ಎಸ್.ಡಿ.ಗೆ ಅದರ ನೂರರಲ್ಲಿ ಒಂದಂಶ ಸಾಕು. ಯಂತ್ರ ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಹುಡುಕಬೇಕಾಗುವುದರಿಂದ ಈ ಅಂತರ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ.

ಆದರೆ ಹೊಸದನ್ನು ಕೂಡಿಸುವ ಮುನ್ನ ಹಳೆಯದರಲ್ಲಿರುವುದನ್ನು ಕಾಪಾಡಿಕೊಳ್ಳಬೇಕು. ನಮ್ಮ ಹಿನ್ನೀರಿನ ದಡದವರಿಗೆ ಈ ಮಾತು ಹೊಸದಲ್ಲ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದವು. ಬಿಟ್ಟುಬಂದ ಮನೆಯೊಳಗೆ ಮರೆತು ಉಳಿದದ್ದು ಮತ್ತೆ ಕೈಗೆ ಬರುವುದಿಲ್ಲ. ನಮ್ಮ ಡಿಸ್ಕಿನಲ್ಲಿ ಹೊಲದ ಪಹಣಿಯ ಪ್ರತಿಗಳಿದ್ದವು, ಮಗಳ ಟಿಪ್ಪಣಿಗಳಿದ್ದವು, ಅಗಲಿದ ನಮ್ಮ ತಂದೆಯವರ ಭಾವಚಿತ್ರಗಳಿದ್ದವು. ಅವೆಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಹೊರಟಾಗ ಹಳೆಯದು ಅಲ್ಲಲ್ಲಿ ಕೆಟ್ಟಿರುವುದು ಗೊತ್ತಾಯಿತು. ತಂದೆಯವರು ಕಡೆಯ ಬಾರಿ ಜಾತ್ರೆಗೆ ಬಂದಾಗ ತೆಗೆದ ಚಿತ್ರಗಳಲ್ಲಿ ಕೆಲವು ತೆರೆಯಲೇ ಇಲ್ಲ. ಒಂದು ವರ್ಷ ಮೊದಲೇ ಪ್ರತಿ ಮಾಡಿಟ್ಟಿದ್ದರೆ ಅವು ಉಳಿಯುತ್ತಿದ್ದವೇನೋ. ತಪ್ಪು ನಮ್ಮದೇ. ಓದುಗರು ಅದನ್ನು ಮಾಡದಿರಲೆಂದೇ ಇದನ್ನು ಹೇಳುತ್ತಿದ್ದೇನೆ. ಪ್ರತಿ ಮಾಡಿದರೆ ಸಾಲದು, ಪ್ರತಿಯನ್ನು ತೆರೆದು ನೋಡಬೇಕು.

ಇನ್ನು ಜೋಡಣೆಯ ಕ್ರಮ. ಯಂತ್ರದಲ್ಲಿ ಸಾಟಾ ಎಂಬ ಜೋಡಣೆಯಿದೆಯೇ ಎಂಬುದನ್ನು ಮೊದಲು ನೋಡಬೇಕು. 2003ರ ಸುಮಾರಿಗೆ ಬಳಕೆಗೆ ಬಂದ ಇದು, ನಂತರದ ಕೆಲವೇ ವರ್ಷಗಳಲ್ಲಿ ಸಾರ್ವತ್ರಿಕವಾಯಿತು. ಅಗಲವಾದ ಪಟ್ಟಿಯಂತಹ ತಂತಿಯಷ್ಟೇ ಇರುವ ಅದಕ್ಕೂ ಹಿಂದಿನ ಯಂತ್ರಗಳಿಗೆ ಇಂದಿನ ಎಸ್.ಎಸ್.ಡಿ. ನೇರವಾಗಿ ಹೊಂದುವುದಿಲ್ಲ.

ವಿದ್ಯುತ್ ಸಂಪರ್ಕವನ್ನು ಗೋಡೆಯಿಂದಲೇ ಕಳಚಿ, ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಒಳಗುಳಿದ ವಿದ್ಯುತ್ತು ಖರ್ಚಾಗುತ್ತದೆ. ಪೆಟ್ಟಿಗೆಯ ಲೋಹವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುತ್ತದೆ. ನಮ್ಮ ಸೀಮೆಯ ಬೇಸಗೆಯ ಧೂಳು ಒಳಗೆ ಪದರಗಟ್ಟಿರುತ್ತದೆ. ಅದನ್ನು ಮೃದುವಾದ ಕುಂಚದಿಂದ ತೆಗೆಯಿರಿ. ಎಸ್.ಎಸ್.ಡಿ. ಎರಡೂವರೆ ಅಂಗುಲದ್ದು, ಪೆಟ್ಟಿಗೆಯ ಸ್ಥಳ ಮೂರೂವರೆ ಅಂಗುಲದ್ದು. ನಡುವೆ ಒಂದು ಸಣ್ಣ ಚೌಕಟ್ಟು ಬೇಕು. ಕಿರಿದಾದ ತಂತಿ ಮಾಹಿತಿಗೆ, ಅಗಲವಾದದ್ದು ವಿದ್ಯುತ್ತಿಗೆ. ಎರಡೂ ಒಂದೇ ದಿಕ್ಕಿನಲ್ಲಿ ಕೂಡುತ್ತವೆ, ಬಲಾತ್ಕಾರ ಬೇಡ.

ಹಳೆಯದರಲ್ಲಿದ್ದುದೆಲ್ಲವನ್ನೂ ಯಥಾವತ್ತಾಗಿ ಹೊಸದಕ್ಕೆ ಇಳಿಸುವ ತಂತ್ರಾಂಶಗಳಿವೆ. ಹಳೆಯ ಡಿಸ್ಕು ಕೆಟ್ಟಿದ್ದರೆ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದೇ ಲೇಸು. ನಾವು ಹಾಗೆಯೇ ಮಾಡಿದೆವು. ಆ ಹೊತ್ತಿನಲ್ಲಿ ವಿದ್ಯುತ್ತು ಹೋಗದಂತೆ ಯು.ಪಿ.ಎಸ್. ಇರಲಿ. ಮೊದಲ ಬಾರಿಗೆ ಹಳೆಯ ಡಿಸ್ಕನ್ನು ಕಳಚಿಟ್ಟು, ಹೊಸದೊಂದರಿಂದಲೇ ಯಂತ್ರವನ್ನು ಆರಂಭಿಸಿ ನೋಡಿ. ನಮ್ಮ ಯಂತ್ರ ಅರ್ಧ ನಿಮಿಷದೊಳಗೆ ಎದ್ದಿತು. ಮಗಳ ಮುಖ ಅರಳಿತು.

ಎಸ್.ಎಸ್.ಡಿ.ಯಿಂದ ಎಲ್ಲ ದೋಷಗಳೂ ಕಳೆಯುವುದಿಲ್ಲ. ಪ್ರೊಸೆಸರಿನ ಶಕ್ತಿ ಮೊದಲಿನಷ್ಟೇ ಇರುತ್ತದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂತಹ ಯಂತ್ರಗಳಿಗೆ ಉಚಿತವಾದ ಲಿನಕ್ಸ್ ಒಂದು ದಾರಿ. ಎಸ್.ಎಸ್.ಡಿ.ಯೂ ಒಂದು ದಿನ ಕೆಡುವಂಥದೇ. ಹಳೆಯ ಡಿಸ್ಕು ಎಷ್ಟೋ ವೇಳೆ ಸದ್ದು ಮಾಡಿ ಎಚ್ಚರಿಸುತ್ತದೆ. ಇದು ಸದ್ದಿಲ್ಲದೆ ನಿಂತುಬಿಡಬಹುದು. ಆದುದರಿಂದ ಮುಖ್ಯವಾದುದರ ಎರಡನೆಯ ಪ್ರತಿ ಸದಾ ಬೇರೆಡೆ ಇರಲಿ.

ಕಳಚಿದ ಡಿಸ್ಕನ್ನು ಗುಜರಿಗೆ ಕೊಡಬೇಡಿ. ಅಳಿಸಿದೆವೆಂದುಕೊಂಡ ಬ್ಯಾಂಕಿನ, ಆಧಾರ್‌ನ ಕಾಗದಗಳನ್ನು ಅದರಿಂದ ಮತ್ತೆ ಹೊರತೆಗೆಯಲು ಸಾಧ್ಯ. ಪೂರ್ಣವಾಗಿ ಅಳಿಸುವ ತಂತ್ರಾಂಶ ಬಳಸಿದ ಮೇಲೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಾಗಾರಕ್ಕೆ ಒಪ್ಪಿಸುವುದು ಯೋಗ್ಯ. ನಮ್ಮದನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇವೆ. ತೆರೆಯದ ಆ ಚಿತ್ರಗಳನ್ನು ಬಲ್ಲವರಾರಾದರೂ ಒಂದು ದಿನ ತೆರೆದಾರೆಂಬ ಆಸೆ.

ಈ ಬರಹವನ್ನು ಓದಿ ಮುಗಿಸಿದವರು ಇಂದು ಸಂಜೆಯೇ ತಮ್ಮ ಮನೆಯ ಚಿತ್ರಗಳಿಗೆ ಒಂದು ಪ್ರತಿ ಮಾಡಿಟ್ಟರೆ, ನಾವು ಕಳೆದುಕೊಂಡದ್ದನ್ನು ಇನ್ನೊಂದು ಮನೆ ಉಳಿಸಿಕೊಂಡಂತಾಗುತ್ತದೆ.