ಹಳೆಯ ವಾದ್ಯಕ್ಕೆ ಒಡತಿಯಾಗುವುದೆಂದರೇನು?

ಒಂದು ವಸ್ತುವಿಗೆ ಬೆಲೆ ಕೊಟ್ಟು ಮನೆಗೆ ತಂದಮೇಲೆ ಅದು ನಮ್ಮದಾಯಿತೆಂದು ಲೋಕವು ತಿಳಿಯುವುದು. ಹೊಲಮನೆಗಳ ವಿಷಯದಲ್ಲಿ ಈ ಮಾತು ಸಲ್ಲಬಹುದು. ವಾದ್ಯಗಳ ವಿಷಯದಲ್ಲಿ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯವು. ನುಡಿಸುವವರಿಲ್ಲದ ಮನೆಯ ವೀಣೆಯು ಗೋಡೆಗೆ ಅಲಂಕಾರವೇ ಹೊರತು ವೀಣೆಯಲ್ಲ. ಇಷ್ಟೇ ಅಲ್ಲ, ನುಡಿಸಬಲ್ಲವಳೂ ತನ್ನ ವಾದ್ಯವು ಏತಕ್ಕೆ ಕೆಟ್ಟಿತೆಂಬುದನ್ನು ಅರಿಯದಿದ್ದರೆ ಅದಕ್ಕೆ ಅರ್ಧ ಒಡತಿ ಮಾತ್ರವೇ ಸರಿ. ಹಳೆಯದೊಂದು ವಿದ್ಯುತ್ ಆರ್ಗನ್ನು ನನಗೆ ಕಲಿಸಿದ ಈ ಪಾಠವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಹೆಣ್ಣುಮಕ್ಕಳ ತಂದೆತಾಯಿಗಳ ಮುಂದೆಯೂ ಇಡಬೇಕೆಂಬುದೇ ಈ ಲೇಖನದ ಉದ್ದೇಶವು.

ನಮ್ಮಲ್ಲಿ ಅನೇಕರಿಗೆ ಆರ್ಗನ್ನೆಂದೊಡನೆ ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಕಾಲಿನಿಂದ ತಿದಿಯನ್ನು ತುಳಿಯುತ್ತ ನುಡಿಸುತ್ತಿದ್ದ ಹಾರ್ಮೋನಿಯಮ್ಮೇ ನೆನಪಿಗೆ ಬರುವುದು. ಮಳೆಗಾಲದಲ್ಲಿ ಅದರ ಒಂದೆರಡು ಸ್ವರಗಳು ಮೂಕವಾಗುತ್ತಿದ್ದುವು. ಕೆಲವು ವೇಳೆ ಒಂದು ಸ್ವರವು ಬೆರಳು ತೆಗೆದಮೇಲೂ ಕೂಗುತ್ತಲೇ ಇರುತ್ತಿದ್ದಿತು. ದುರಸ್ತಿ ಮಾಡುವವನು ಊರಿಗೆ ಬರುವ ತನಕ ನಾವು ಅದನ್ನು ಸಹಿಸಿಕೊಂಡೇ ಹಾಡುತ್ತಿದ್ದೆವು. ನಾವು ಹೊಲಿಗೆ ಕಲಿತೆವು, ಅಡಿಗೆ ಕಲಿತೆವು, ನಾಲ್ಕು ಧ್ವನಿಗಳಲ್ಲಿ ಕೂಡಿ ಹಾಡುವುದನ್ನು ಕಲಿತೆವು. ಆದರೆ ಆ ಪೆಟ್ಟಿಗೆಯ ಹಿಂದಿನ ಹಲಗೆಯನ್ನು ತೆಗೆದು ಒಳಗೇನಿದೆಯೆಂದು ನೋಡಬೇಕೆಂಬ ಯೋಚನೆಯು ನಮಗಾಗಲಿ ನಮಗೆ ಕಲಿಸಿದವರಿಗಾಗಲಿ ಬರಲೇ ಇಲ್ಲ.

ಮದುವೆಯಾದಮೇಲೆ ನಾನು ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ನೆಲೆಸಿದೆನು. ಅಲ್ಲಿ ನಾವು ಆರಾಧನೆಗೆ ಹೋಗುತ್ತಿದ್ದ ಚಿಕ್ಕ ದೇವಾಲಯದ ಮೂಲೆಯಲ್ಲಿ ಹ್ಯಾಮಂಡ್ ಆರ್ಗನ್ನೊಂದು ಹೊದಿಕೆ ಹೊದ್ದು ವರ್ಷಗಟ್ಟಲೆ ಮೌನವಾಗಿ ನಿಂತಿದ್ದಿತು. ಸಭೆಯ ಹಿರಿಯರು ಹೊಸ ವಾದ್ಯವೊಂದನ್ನು ಕೊಂಡು, ಹಳೆಯದನ್ನು ಕೂಲಿ ಕೊಟ್ಟು ಕಸಕ್ಕೆ ಸಾಗಿಸುವುದೆಂದು ನಿಶ್ಚಯಿಸಿದರು. ನಾನು ಕೇಳಿದೆನು, ಅವರು ಬಿಟ್ಟಿಯಾಗಿಯೇ ಕೊಟ್ಟರು. ಅದನ್ನು ಮನೆಗೆ ತರುವುದಕ್ಕೆ ನಾಲ್ವರು ಗಟ್ಟಿಮುಟ್ಟಾದ ಗಂಡಸರು ಬೇಕಾದರು. ಪೀಠವನ್ನೂ ಕಾಲ್ಮಣೆಗಳನ್ನೂ ಸೇರಿಸಿದರೆ ಅದರ ತೂಕವು 200 ಕಿಲೋಗ್ರಾಮಿಗೆ ಸಮೀಪ. ಬಿಟ್ಟಿಯಾಗಿ ಬಂದುದು ಅಗ್ಗವಾಗಿ ಬಂದುದಲ್ಲವೆಂಬುದು ಆ ದಿನವೇ ನನಗೆ ಗೊತ್ತಾಯಿತು.

ಈ ವಾದ್ಯದ ಕಥೆಯನ್ನು ಸ್ವಲ್ಪ ಹೇಳುವುದು ಅವಶ್ಯಕ. ಇದನ್ನು ಕಂಡುಹಿಡಿದ ಲಾರೆನ್ಸ್ ಹ್ಯಾಮಂಡರು ಶಿಕಾಗೋ ನಗರದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಯಂತ್ರಶಾಸ್ತ್ರಜ್ಞರು; ಅವರಿಗೆ ವಾದ್ಯ ನುಡಿಸಲು ಬರುತ್ತಿರಲಿಲ್ಲ. ಅವರ ಸಂಸ್ಥೆಯ ಸಹಾಯಕ ಖಜಾಂಚಿಯಾಗಿದ್ದ ಲೇಹಿಯವರು ದೇವಾಲಯದಲ್ಲಿ ಆರ್ಗನ್ ನುಡಿಸುವವರಾದುದರಿಂದ ಅವರ ಕಿವಿಯು ಈ ಕಾರ್ಯಕ್ಕೆ ನೆರವಾಯಿತು. 1934ರಲ್ಲಿ ಪೇಟೆಂಟು ದೊರೆಯಿತು. 1935ರಲ್ಲಿ ವಾದ್ಯವು ಮಾರಾಟಕ್ಕೆ ಬಂದಿತು. ಗಾಳಿಕೊಳವೆಗಳ ದೊಡ್ಡ ಆರ್ಗನ್ನನ್ನು ಕೊಳ್ಳಲಾರದ ಬಡ ಸಭೆಗಳಿಗೆ ಇದೊಂದು ವರವಾಯಿತು. 1939ರಲ್ಲಿ ಶಿಕಾಗೋವಿನ ಆಫ್ರಿಕನ್ ಅಮೆರಿಕನ್ನರ ಸಭೆಯಾದ ಫಸ್ಟ್ ಚರ್ಚ್ ಆಫ್ ಡೆಲಿವರೆನ್ಸಿನಲ್ಲಿ ಕೆನೆತ್ ಮಾರಿಸ್ ಎಂಬವರು ಇದನ್ನು ಬಳಕೆಗೆ ತಂದ ಮೇಲೆ, ಆ ಜನರ ಭಕ್ತಿಗೀತೆಗಳಿಗೂ ಇದಕ್ಕೂ ಬಿಡಿಸಲಾರದ ನಂಟು ಬೆಳೆಯಿತು. ಕೊಳವೆ ಆರ್ಗನ್ನಿನ ಸಕಲ ಸ್ವರಗಳೂ ಇದರಲ್ಲಿ ಹೊರಡುವುವೆಂದು ಮೊದಲಲ್ಲಿ ಮಾಡಿದ ಜಾಹೀರಾತನ್ನು 1938ರಲ್ಲಿ ಅಮೆರಿಕದ ಸರಕಾರದ ವ್ಯಾಪಾರ ಆಯೋಗವು ತಡೆಯಿತು. ಅದು ನ್ಯಾಯವೇ. ಇದು ಕೊಳವೆ ಆರ್ಗನ್ನಿನ ನಕಲಲ್ಲ. ಇದಕ್ಕೆ ತನ್ನದೇ ಆದ ಕಂಠವುಂಟು.

ಆ ಕಂಠವು ಹುಟ್ಟುವ ರೀತಿಯು ಬಹು ಸರಳವು. ಪೆಟ್ಟಿಗೆಯೊಳಗೆ 91 ಉಕ್ಕಿನ ಚಕ್ರಗಳಿವೆ. ಒಂದೊಂದರ ಅಡ್ಡಳತೆಯು ಎರಡು ಅಂಗುಲಕ್ಕೂ ಕಡಮೆ. ಅವುಗಳ ಅಂಚು ಅಲೆ ಅಲೆಯಾಗಿರುವುದು. ಒಂದು ಮೋಟಾರು ಹಲ್ಲುಚಕ್ರಗಳ ಮೂಲಕ ಅವೆಲ್ಲವನ್ನೂ ತಿರುಗಿಸುವುದು. ಪ್ರತಿಯೊಂದು ಚಕ್ರದ ಎದುರಿಗೂ ತಂತಿಯ ಸುರುಳಿಯನ್ನು ಸುತ್ತಿದ ಅಯಸ್ಕಾಂತವಿರುವುದು. ಅಂಚಿನ ಅಲೆಗಳು ಅದರ ಮುಂದೆ ಹಾದುಹೋದಂತೆ ಸುರುಳಿಯಲ್ಲಿ ಬಹು ಸಣ್ಣ ವಿದ್ಯುತ್ಪ್ರವಾಹವು ಹುಟ್ಟುವುದು. ವಾಲ್ವುಗಳುಳ್ಳ ಧ್ವನಿವರ್ಧಕವು ಅದನ್ನು ದೊಡ್ಡದು ಮಾಡಿ ನಮ್ಮ ಕಿವಿಗೆ ಮುಟ್ಟಿಸುವುದು. ಮೋಟಾರಿನ ವೇಗವು ಊರಿನ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುವುದರಿಂದ ಇದಕ್ಕೆ ಶ್ರುತಿ ಮಾಡುವ ಕೆಲಸವೇ ಇಲ್ಲ. ಗಡಿಯಾರ ಮಾಡುವವನ ಬುದ್ಧಿಯು ಇಲ್ಲಿ ಸಂಗೀತಕ್ಕೆ ಸೇವೆಮಾಡಿತು.

ಇಂತಹ ವಾದ್ಯವನ್ನು ಕೆಡಿಸುವುದು ಬಳಕೆಯಲ್ಲ, ಬಳಸದಿರುವಿಕೆ. ನನ್ನ ವಾದದ ತಿರುಳೇ ಇದು. ಚಕ್ರಗಳ ಕೀಲುಗಳಿಗೆ ಎಣ್ಣೆಯನ್ನು ಒಯ್ಯುವುದು ದೀಪದ ಬತ್ತಿಯಂತಹ ಹತ್ತಿಯ ದಾರಗಳು. ವರ್ಷಕ್ಕೊಮ್ಮೆ ಎಣ್ಣೆ ಬಿಡದೆ, ಚಕ್ರಗಳನ್ನು ತಿರುಗಿಸದೆ ಇಟ್ಟರೆ ಎಣ್ಣೆಯು ಒಣಗಿ ಅಂಟಾಗಿ, ಮೋಟಾರು ಹಟಹಿಡಿದು ನಿಂತುಬಿಡುವುದು. ಹಾಗೆಯೇ ಎರಡು ಕೀಲಿಮಣೆಗಳ 122 ಕೀಲಿಗಳಿಗೆ ಒಂದೊಂದಕ್ಕೆ ಒಂಬತ್ತರಂತೆ 1098 ಲೋಹದ ಸ್ಪರ್ಶಗಳಿವೆ. ಧೂಳು ಕೂತರೆ ಸ್ವರವು ಕರಕರನೆ ಒಡೆಯುವುದು, ಇಲ್ಲವೆ ಮೂಕವಾಗುವುದು. ಆದರೆ ಪ್ರತಿಸಾರಿ ಕೀಲಿಯನ್ನು ಒತ್ತಿದಾಗಲೂ ಲೋಹಕ್ಕೆ ಲೋಹವು ತೀಡಿ ತನ್ನನ್ನು ತಾನೇ ಶುಚಿಮಾಡಿಕೊಳ್ಳುವುದು. ನುಡಿಸುವಿಕೆಯೇ ಅರ್ಧ ದುರಸ್ತಿ. ನೆಲದಲ್ಲಿ ಹೂಳಿಟ್ಟ ತಲಾಂತಿನ ಸಾಮ್ಯವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತಿರುವೆವಷ್ಟೆ. ಹೂಳಿಟ್ಟ ಹಣವಾದರೂ ಇದ್ದಷ್ಟೇ ಉಳಿಯುವುದು. ಹೊದಿಕೆ ಹೊದಿಸಿಟ್ಟ ವಾದ್ಯವು ಅಷ್ಟೂ ಉಳಿಯದು.

ನಾನು ಮಾಡಿದ ತಪ್ಪನ್ನೂ ಮರೆಮಾಡದೆ ಹೇಳುವೆನು. ಆರ್ಗನ್ನು ಮನೆಗೆ ಬಂದ ವಾರವೇ ನಾನು ಉತ್ಸಾಹದಿಂದ ಬಾಗಿಲ ಕೀಲುಗಳಿಗೆ ಬಿಡುವ ಸಾಧಾರಣ ಎಣ್ಣೆಯನ್ನು ಅದಕ್ಕೆ ಹೊಯ್ದೆನು. ಕೆಲವು ದಿನಗಳು ಚಕ್ರಗಳು ಸುಖವಾಗಿ ತಿರುಗಿದುವು. ತಿಂಗಳುಗಳು ಕಳೆಯುವುದರೊಳಗೆ ಆ ಎಣ್ಣೆಯು ದಾರಗಳಲ್ಲಿ ಜಿಗಟಾಗಿ ಮೊದಲಿಗಿಂತ ಹೆಚ್ಚಿನ ತೊಂದರೆಯಾಯಿತು. ಈ ವಾದ್ಯಕ್ಕೆಂದೇ ಮಾಡಿದ ತೆಳುವಾದ ಎಣ್ಣೆಯನ್ನು ತರಿಸಿ, ಸ್ವಲ್ಪಸ್ವಲ್ಪವಾಗಿ ಬಿಟ್ಟು, ವಾರಗಟ್ಟಲೆ ಕಾಯಬೇಕಾಯಿತು. ಒಂದು ಸಂಜೆ ಪ್ರಾರಂಭದ ಗುಂಡಿಯನ್ನು ಎಂಟು ಸೆಕೆಂಡು ಹಿಡಿದು, ಅದನ್ನು ಬಿಡದೆಯೇ ನಡೆಯಿಸುವ ಗುಂಡಿಯನ್ನು ಒತ್ತಿ ಇನ್ನೂ ನಾಲ್ಕು ಸೆಕೆಂಡು ಕಾದು, ಎರಡನ್ನೂ ಬಿಟ್ಟಾಗ, ಚಕ್ರಗಳು ಒಂದೇ ಸಮನೆ ಗುಂಯ್‌ಗುಟ್ಟುತ್ತ ನಿಂತುಹೋಗದೆ ತಿರುಗಿದುವು. ಆ ದಿನದಿಂದಲೇ ನಾನು ಅದನ್ನು ನನ್ನದೆಂದು ಹೇಳಿಕೊಳ್ಳುತ್ತಿರುವೆನು. ಸಭೆಯವರು ಕೊಟ್ಟ ದಿನದಿಂದಲ್ಲ.

ಆದರೂ ಧೈರ್ಯವೆಂದರೆ ಹುಂಬತನವಲ್ಲ. ಧೂಳನ್ನು ನಿವಾರಿಸಲು ಸ್ಪರ್ಶದ ಸರಳುಗಳನ್ನು ತಿರುಪಿನಿಂದ ಕೂದಲೆಳೆಯಷ್ಟು ಸರಿಸುವುದು, ಎಣ್ಣೆ ಬಿಡುವುದು, ಬಿಟ್ಟುಹೋದ ತಂತಿಯನ್ನು ಗುರುತಿಸುವುದು, ಇವು ಕಲಿತ ಹುಡುಗಿಯ ಕೆಲಸಗಳು. ಧ್ವನಿವರ್ಧಕದೊಳಗೆ ಕೈಯಿಡುವುದು ಹಾಗಲ್ಲ. ಅಲ್ಲಿ 300 ವೋಲ್ಟಿನ ಸಮೀಪದ ವಿದ್ಯುತ್ತಿರುವುದು. ತಂತಿಯನ್ನು ಗೋಡೆಯಿಂದ ಕಿತ್ತಮೇಲೂ ಕಂಡೆನ್ಸರುಗಳಲ್ಲಿ ಅದು ಕೆಲವು ಕಾಲ ನಿಂತಿರಬಹುದು. ಆ ಕೆಲಸವನ್ನು ಬಲ್ಲವರ ಕೈಯಲ್ಲಿ ಮಾಡಿಸತಕ್ಕದ್ದು. ನಾವು ಪಕ್ಕದಲ್ಲಿ ನಿಂತು ನೋಡಿ ತಿಳಿಯತಕ್ಕದ್ದು. ತನಗೆ ಏನು ಬಾರದೆಂಬುದನ್ನು ಅರಿಯುವುದೂ ಒಡೆತನದ ಒಂದು ಭಾಗವೇ.

ಇನ್ನು ಆಕ್ಷೇಪಣೆಗಳನ್ನು ವಿಚಾರಿಸೋಣ. ಒಬ್ಬಳೇ ಹುಡುಗಿಯು ಕಂಕುಳಲ್ಲಿ ಹೊತ್ತೊಯ್ಯಬಲ್ಲ ಹೊಸ ವಾದ್ಯಗಳು ಇರುವಾಗ ಈ ಹಳೆಯ ಮರದ ಬೆಟ್ಟವು ಏತಕ್ಕೆಂದು ಕೇಳುವರು. ಹ್ಯಾಮಂಡ್ ಹೆಸರಿನಲ್ಲಿಯೇ ಜಪಾನಿನ ಸುಜುಕಿ ವಾದ್ಯಸಂಸ್ಥೆಯವರು ಈಗ ಹಗುರವಾದ, ಒಳ್ಳೆಯ ವಾದ್ಯಗಳನ್ನು ಮಾಡುತ್ತಿರುವರು. ಪ್ರಯಾಣ ಮಾಡುವವರಿಗೆ ಅವೇ ಲೇಸು. ಸ್ಥಳವಿಲ್ಲದ, ಬಿಡುವಿಲ್ಲದ ಮನೆಗೆ ಹಳೆಯ ಆರ್ಗನ್ನನ್ನು ತರಬಾರದೆಂದು ನಾನೇ ಹೇಳುವೆನು. ನೀರಿನಲ್ಲಿ ನೆನೆದು ತುಕ್ಕುಹಿಡಿದುದನ್ನು ಬಿಚ್ಚಿ, ಅದರ ಅಂಗಗಳಿಂದ ಇನ್ನೊಂದನ್ನು ಬದುಕಿಸುವುದೇ ಧರ್ಮ. ಆದರೆ ಹೊಸದರ ಒಳಗಿನ ಹರಳೊಂದು ಕೆಟ್ಟರೆ ಕಣ್ಣಿಗೆ ಏನೂ ಕಾಣದು. ಕೆಲವು ವರ್ಷಗಳಾದಮೇಲೆ ಆ ಹರಳು ಅಂಗಡಿಯಲ್ಲಿ ಸಿಕ್ಕದೆ ವಾದ್ಯವೇ ಕಸವಾಗಬಹುದು. ಹಳೆಯದರ ಚಕ್ರಗಳನ್ನು ತಿರುಗಿಸುವ ಕಾರ್ಖಾನೆಯ ಕೆಲಸವು 1970ರ ದಶಕದ ನಡುವಿನಲ್ಲಿಯೇ ನಿಂತುಹೋಯಿತು. ಆದುದರಿಂದ ಉಳಿದಿರುವ ಪ್ರತಿಯೊಂದಕ್ಕೂ ಸುಮಾರು 50 ವರ್ಷ, ಕೆಲವಕ್ಕೆ 90 ವರ್ಷದ ಸಮೀಪ ವಯಸ್ಸಾಗಿದೆ. ಅವು ಇಂದಿಗೂ ನುಡಿಯುತ್ತಿರುವುದು ಯಾರೋ ಅವುಗಳ ಹಲಗೆಯನ್ನು ತೆಗೆದು ನೋಡಿದುದರಿಂದಲೇ.

ಇದು ಗಂಡಸರ ಕೆಲಸವೆನ್ನುವವರಿಗೆ ರೋಡಾ ಸ್ಕಾಟ್ ಎಂಬಾಕೆಯನ್ನು ನೆನಪಿಗೆ ತರುವೆನು. 1938ರಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಪಾದ್ರಿಯವರ ಮಗಳಾಗಿ ಹುಟ್ಟಿದ ಈಕೆ ಚಿಕ್ಕ ವಯಸ್ಸಿನಲ್ಲಿಯೇ ತಂದೆಯ ದೇವಾಲಯದಲ್ಲಿ ಆರ್ಗನ್ನಿನ ಮುಂದೆ ಕುಳಿತಳು. ಪಾದರಕ್ಷೆಗಳನ್ನು ಕಳಚಿಟ್ಟು ಬರಿಗಾಲಿನಿಂದ ಕಾಲ್ಮಣೆಗಳನ್ನು ನುಡಿಸುವುದು ಆಕೆಗೆ ಅಭ್ಯಾಸವಾಯಿತು. ಮುಂದೆ ಫ್ರಾನ್ಸಿಗೆ ಹೋಗಿ ನೆಲೆಸಿ, ಬರಿಗಾಲಿನ ಆರ್ಗನ್ ವಾದಕಿಯೆಂದೇ ಲೋಕಪ್ರಸಿದ್ಧಳಾದಳು. ಪರಿಶುದ್ಧ ಸ್ಥಳದಲ್ಲಿ ಕೆರ ಕಳಚುವುದು ನಮಗೆ ಹೊಸದಲ್ಲ. ಬರಿಗಾಲಿಗೆ ಕಾಲ್ಮಣೆಯ ಅಂಚು, ಅದರ ಸಡಿಲ, ಅದರ ಬಿಗಿ ಎಲ್ಲವೂ ತಿಳಿಯುವುದು. ವಾದ್ಯವನ್ನು ಮುಟ್ಟಿ ಅರಿಯುವುದೆಂದರೆ ಇದೇ.

ನಾಡಿಗೆ ಹಿಂದಿರುಗುವಾಗ ಇಂತಹ ಆರ್ಗನ್ನನ್ನು ತರಬೇಕೆನ್ನುವ ಸಹೋದರಿಯರಿಗೆ ಒಂದು ಎಚ್ಚರಿಕೆ. ಅಮೆರಿಕದ ವಿದ್ಯುತ್ತಿಗೆ ಸೆಕೆಂಡಿಗೆ 60 ಆವರ್ತಗಳು. ಇಂಡಿಯಾದೇಶದ ವಿದ್ಯುತ್ತಿಗೆ 50. ಟ್ರಾನ್ಸ್‌ಫಾರ್ಮರು ವೋಲ್ಟನ್ನು ತಗ್ಗಿಸುವುದೇ ಹೊರತು ಆವರ್ತವನ್ನು ಬದಲಿಸದು. ಆಗ ಚಕ್ರಗಳು ನಿಧಾನವಾಗಿ ತಿರುಗಿ, ಸ್ವರಗಳೆಲ್ಲವೂ ಸುಮಾರು ಮೂರು ಅರ್ಧಸ್ವರಗಳಷ್ಟು ಕೆಳಕ್ಕೆ ಇಳಿಯುವುವು. ನೀವು ಹೆಂಗಸರ ಶ್ರುತಿಗೆ ನುಡಿಸಿದ ಕೀರ್ತನೆಯನ್ನು ಗಂಡಸರು ಹಾಡಬೇಕಾದೀತು! 50 ಆವರ್ತಗಳಿಗಾಗಿಯೇ ಮಾಡಿದ ವಾದ್ಯಗಳೂ ಉಂಟು. ಅಂತಹದನ್ನು ಹುಡುಕತಕ್ಕದ್ದು, ಇಲ್ಲವೆ ಆವರ್ತವನ್ನು ಬದಲಿಸುವ ಯಂತ್ರವನ್ನೂ ಜೊತೆಗೆ ಇಡತಕ್ಕದ್ದು.

ಈಗ ನನ್ನ ಬಿನ್ನಹ. ನಮ್ಮ ಶಾಲೆಗಳಿಗೆ ಹ್ಯಾಮಂಡ್ ಆರ್ಗನ್ನು ಬೇಕೆಂದು ನಾನು ಕೇಳುತ್ತಿಲ್ಲ. ಇರುವ ಕಾಲ್ತುಳಿತದ ಹಾರ್ಮೋನಿಯಮ್ಮು ಮೂಲೆ ಸೇರಿದ್ದರೆ ಅದನ್ನು ಈಚೆಗೆ ತನ್ನಿರಿ. ವರ್ಷಕ್ಕೊಂದು ದಿನ ಮೇಲಿನ ತರಗತಿಯ ಹುಡುಗಿಯರನ್ನು ಸುತ್ತಲೂ ಕೂರಿಸಿ, ಅದರ ಹಿಂದಿನ ಹಲಗೆಯನ್ನು ತೆಗೆಯಿರಿ. ತಿದಿಯ ತೂತು ಎಲ್ಲಿದೆ, ಹಿತ್ತಾಳೆಯ ನಾಲಗೆಗೆ ಧೂಳು ಎಲ್ಲಿ ಸಿಕ್ಕಿದೆಯೆಂಬುದನ್ನು ಅವರೇ ಕಂಡುಹಿಡಿಯಲಿ. ಸೂಜಿ ಹಿಡಿದ ಕೈಗೆ ತಿರುಪುಳಿಯು ಭಾರವಲ್ಲ. ತಂದೆತಾಯಿಗಳೇ, ಮಗಳಿಗೆ ವಾದ್ಯವನ್ನು ಕೊಡಿಸುವಾಗ ಅದನ್ನು ಬಿಚ್ಚಿ ನೋಡುವ ಅಪ್ಪಣೆಯನ್ನೂ ಕೊಡಿರಿ. ಹಾಗೆ ಬೆಳೆದ ಹುಡುಗಿಯು ಮುಂದೆ ಕೆಟ್ಟ ವಸ್ತುವನ್ನು ಕಂಡು, ಇದನ್ನು ಎಸೆಯೋಣವೆನ್ನುವ ಮೊದಲು, ಇದಕ್ಕೇನಾಗಿದೆಯೆಂದು ಕೇಳುವಳು.

ಕಳೆದ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ನಮ್ಮ ಸಭೆಯ ಹೊಸ ವಾದ್ಯವು ಏಕಾಏಕಿ ನಿಂತುಹೋಯಿತು. ಕಾರಣವು ಯಾರಿಗೂ ತಿಳಿಯಲಿಲ್ಲ. ಎರಡು ದಿನಗಳಾದಮೇಲೆ ಅದೇ ಹಿರಿಯರಲ್ಲಿ ಒಬ್ಬರು ನಮ್ಮ ಮನೆಗೆ ಬಂದು, ಹಳೆಯ ಆರ್ಗನ್ನಿನ ಮುಂದೆ ಬಹಳ ಹೊತ್ತು ನಿಂತರು. ನುಡಿಸಿ ತೋರಿಸಿದೆನು. ಹಿಂದಿನ ಹಲಗೆಯನ್ನು ತೆಗೆದು ಚಕ್ರಗಳನ್ನೂ ತೋರಿಸಿದೆನು. ಅವರು ಹೊರಡುವಾಗ, ತಮ್ಮ ಮೊಮ್ಮಗಳನ್ನು ಶನಿವಾರಗಳಲ್ಲಿ ಕಳುಹಿಸಬಹುದೇ ಎಂದು ಕೇಳಿದರು. ಬರುವಾಗ ಹಳೆಯ ಬಟ್ಟೆಯನ್ನು ಉಟ್ಟುಬರಲಿ, ಎಣ್ಣೆಯಾಗುವುದೆಂದು ಹೇಳಿ ಕಳುಹಿಸಿದೆನು.