ಕಾಣೆಯಾದ ಫೈಲನ್ನು ಎಲ್ಲಿಂದ ತರಬೇಕು?

ವಿಂಡೋಸ್ ಕಂಪ್ಯೂಟರ್ ತೆವಳತೊಡಗಿದಾಗ ಕಾರಣ ಹುಡುಕುವವರು ಪರ್ಫಾರ್ಮೆನ್ಸ್ ಮಾನಿಟರ್ ತೆರೆಯುತ್ತಾರೆ. 1993ರ ವಿಂಡೋಸ್ ಎನ್‌ಟಿ ಕಾಲದಿಂದಲೂ ಇರುವ ಸಲಕರಣೆ ಇದು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕಿನ ಮುಂದೆ ಎಷ್ಟು ಕೆಲಸ ಸಾಲುಗಟ್ಟಿದೆ ಎಂಬುದನ್ನು ಗೆರೆ ಎಳೆದು ತೋರಿಸುತ್ತದೆ. ಒಮ್ಮೊಮ್ಮೆ ಅದೇ ತೆರೆಯುವುದಿಲ್ಲ. ಇಂಥ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ. ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಆ ಫೈಲನ್ನು ಪುಕ್ಕಟೆ ಕೊಡುವ ತಾಣಗಳು ಬೇಕಾದಷ್ಟಿವೆ. ಇಳಿಸಿಕೊಂಡು ಸಿಸ್ಟಮ್32 ಫೋಲ್ಡರಿಗೆ ಹಾಕಿಬಿಟ್ಟರೆ ತಪ್ಪೇನು?

ತಪ್ಪಿದೆ. ವೈರಸ್ ಭಯವೊಂದೇ ಅದಕ್ಕೆ ಕಾರಣವಲ್ಲ. ಯಾವುದು ಸಿಗಲಿಲ್ಲ ಎಂದಷ್ಟೇ ಆ ಸಂದೇಶ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಡಿಸ್ಕ್ ಕೆಡುತ್ತಿರಬಹುದು, ಅಪ್‌ಡೇಟ್ ಆಗುವಾಗಲೇ ಕರೆಂಟ್ ಹೋಗಿರಬಹುದು, ಆಂಟಿವೈರಸ್ಸೇ ಎತ್ತಿಹಾಕಿರಬಹುದು. ಕೊನೆಯದು ಕಟ್ಟುಕಥೆಯಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿಯ ಅಪ್‌ಡೇಟೊಂದು ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಅಸಲಿ ಫೈಲನ್ನೇ ವೈರಸ್ ಎಂದು ಬಗೆಯಿತು. ಹಲವು ದೇಶಗಳಲ್ಲಿ ಕಂಪ್ಯೂಟರುಗಳು ಮತ್ತೆಮತ್ತೆ ರೀಸ್ಟಾರ್ಟ್ ಆದವು, ನೆಟ್‌ವರ್ಕ್ ಕಳೆದುಕೊಂಡವು. ಆಗ ಫೈಲನ್ನು ಮರಳಿ ಇಟ್ಟರಷ್ಟೇ ಸಾಲುತ್ತಿರಲಿಲ್ಲ. ಮೊದಲು ಮ್ಯಾಕಫಿಯ ತಪ್ಪು ತಿದ್ದಬೇಕಿತ್ತು, ಇಲ್ಲದಿದ್ದರೆ ಇಟ್ಟದ್ದನ್ನೂ ಅದು ಎತ್ತಿಹಾಕುತ್ತಿತ್ತು.

ಇನ್ನೊಂದು ತೊಡಕಿದೆ. ಹೆಸರು ಒಂದೇ ಇದ್ದಮಾತ್ರಕ್ಕೆ ಫೈಲು ಒಂದೇ ಅಲ್ಲ. ಅಪ್‌ಡೇಟುಗಳು ಬಂದ ಹಾಗೆ ಆವೃತ್ತಿ ಬದಲಾಗುತ್ತದೆ. ಮೇಲಾಗಿ 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಫೈಲುಗಳು ಇರುವುದು ಸಿಸ್ಟಮ್32ರಲ್ಲಿ, 32 ಬಿಟ್‌ನವು ಸಿಸ್‌ವಾವ್64ರಲ್ಲಿ! ಇಂಥ ಹೆಸರಿಟ್ಟ ಮೇಲೆ ಬಳಕೆದಾರ ಎಡವಿದರೆ ಅವನನ್ನೇ ಬೈಯುವುದು ಸರಿಯಲ್ಲ.

ಹಾಗಾದರೆ ತರುವುದು ಎಲ್ಲಿಂದ? ವಿಸ್ಟಾದಿಂದೀಚೆಗೆ ವಿಂಡೋಸ್ ತನ್ನ ಭಾಗಗಳ ದಾಸ್ತಾನನ್ನು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಎಂಬ ಆದೇಶ ಓಡಿಸಿದರೆ ಅದು ಪ್ರತಿ ಸಂರಕ್ಷಿತ ಫೈಲನ್ನೂ ಪರಿಶೀಲಿಸಿ, ಕೆಟ್ಟದ್ದರ ಬದಲಿಗೆ ದಾಸ್ತಾನಿನದನ್ನು ತಂದಿಡುತ್ತದೆ. ದಾಸ್ತಾನೇ ಕೆಟ್ಟಿದ್ದರೆ ಎಸ್‌ಎಫ್‌ಸಿ ಕೈಚೆಲ್ಲುತ್ತದೆ. ಅದಕ್ಕೇ ವಿಂಡೋಸ್ 8 ಮತ್ತು ಅನಂತರದವುಗಳಲ್ಲಿ ಮೊದಲು ಡಿಸ್ಮ್ ಎಂಬ ಇನ್ನೊಂದು ಆದೇಶ ಓಡಿಸಿ, ವಿಂಡೋಸ್ ಅಪ್‌ಡೇಟ್ ಮೂಲಕ ದಾಸ್ತಾನನ್ನು ಸರಿಮಾಡಿಸಿಕೊಳ್ಳಬೇಕು. ಈ ಕ್ರಮದ ಬೆಲೆ ಇರುವುದು ವೇಗದಲ್ಲಲ್ಲ. ಬಂದ ಫೈಲು ಯಾರದು, ಯಾವ ಆವೃತ್ತಿಯದು ಎಂಬುದಕ್ಕೆ ಅಲ್ಲಿ ಲೆಕ್ಕವಿದೆ. ಪುಕ್ಕಟೆ ತಾಣದಲ್ಲಿ ಆ ಲೆಕ್ಕ ಕೊಡುವವರಿಲ್ಲ.

ಎಷ್ಟೋ ಸಲ ಕಾಣೆಯಾದದ್ದು ಫೈಲೇ ಆಗಿರುವುದಿಲ್ಲ. ಪರ್ಫಾರ್ಮೆನ್ಸ್ ಮಾನಿಟರ್ ತಾನು ತೋರಿಸುವ ಪ್ರತಿ ಅಳತೆಯನ್ನೂ (ಕೌಂಟರ್) ಒಂದು ಸಂಖ್ಯೆಯಿಂದ ಗುರುತಿಸಿ, ಅದರ ಹೆಸರನ್ನು ಬೇರೊಂದು ಪಟ್ಟಿಯಿಂದ ತೆಗೆದುಕೊಳ್ಳುತ್ತದೆ. ಪಟ್ಟಿ ಕಲಸಿಹೋದರೆ ಹೆಸರುಗಳ ಜಾಗದಲ್ಲಿ ಬರೀ ಅಂಕಿಗಳು ಕಾಣಬಹುದು. ಅದಕ್ಕೆ ಮದ್ದು ಲಾಡ್‌ಸಿಟಿಆರ್ ಆದೇಶ. /ಆರ್ ಸೇರಿಸಿ ಓಡಿಸಿದರೆ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಇಲ್ಲಿ ಹೊರಗಿನಿಂದ ತಂದ ಫೈಲು ಏನು ಮಾಡೀತು?

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯವರು ಇಷ್ಟೆಲ್ಲ ರಗಳೆ ಬೇಡ, ‘ಫಾರ್ಮ್ಯಾಟ್ ಹೊಡೆದುಬಿಡೋಣ ಸರ್’ ಅಂದಾರು. ಅವರ ಲೆಕ್ಕ ಪೂರ್ತಿ ತಪ್ಪಲ್ಲ, ಗಿರಾಕಿಗೆ ಸಂಜೆಯೊಳಗೆ ಮಷೀನು ಬೇಕು. ಆದರೆ ಹಾಗೆ ಅಳಿಸಿದಾಗ ಕಾರಣ ಹೇಳಬಹುದಾಗಿದ್ದ ಲಾಗ್‌ಗಳೂ ಹೋಗುತ್ತವೆ. ಕೆಡುತ್ತಿರುವುದು ಡಿಸ್ಕ್ ಆಗಿದ್ದರೆ ಅದೇ ಗಿರಾಕಿ ಮತ್ತೆ ಬರುತ್ತಾನೆ.

ವಾದ ಕಠಿಣವಾಗುವುದು ಹಳೆಯ ಮಷೀನುಗಳ ವಿಷಯದಲ್ಲಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡವರ ಪಾಲಿಗೆ ಭರವಸೆಯ ಮೂಲವೆಂದರೆ ಕೊಂಡಾಗ ಬಂದ ಇನ್‌ಸ್ಟಾಲೇಶನ್ ಡಿಸ್ಕ್. ಆ ಡಿವಿಡಿ ಬೀರುವಿನಲ್ಲಿದೆಯೇ, ಇನ್ನೂ ಓದುತ್ತದೆಯೇ ಎಂದು ಮಷೀನು ನೆಟ್ಟಗಿರುವಾಗಲೇ ನೋಡಿಟ್ಟುಕೊಳ್ಳಬೇಕು.